ಹೆಬ್ಬೆರಳೆತ್ತರದ ಕಾಲಾಳುಗಳು



ವೈದ್ಯರನ್ನು ಭಾಷಣಕ್ಕೆ ಕರೆದಾಗ ರಕ್ತದೊತ್ತಡ, ಸಕ್ಕರೆ ಕಾಯಿಲೆ ಇಲ್ಲವೆ ಹೃದ್ರೋಗದ ವಿಚಾರ ಬರುವುದೆಂದು ಸಭಿಕರು ನಿರೀಕ್ಷಿಸುವುದು ವಾಡಿಕೆ. ಆ ವಾಡಿಕೆಯನ್ನು ಇಂದು ಮುರಿಯುತ್ತಿದ್ದೇವೆ. ಈ ದಿನದ ವಿಷಯ, ಮಕ್ಕಳ ಮೇಜಿನ ಮೇಲೆ ಸಾಲುಗಟ್ಟಿ ನಿಲ್ಲುವ ಹೆಬ್ಬೆರಳೆತ್ತರದ ಸೈನಿಕರು. ಹದಿನೈದನೆಯ ಶತಮಾನದ ಯೂರೋಪಿನ ಕಾಲಾಳುಗಳು ಇವರು. ತಲೆಗೆ ಕಬ್ಬಿಣದ ಟೊಪ್ಪಿಗೆ, ಮೈಗೆ ಪದರ ಪದರವಾಗಿ ಹೊಲಿದ ದಪ್ಪ ಬಟ್ಟೆಯ ಅಂಗಿ, ಕೈಯಲ್ಲಿ ಆಳಿಗಿಂತ ಉದ್ದವಾದ ಕಾವಿನ ಆಯುಧ. ಇವರು ಅಂಗಡಿಯಿಂದ ಬಂದವರಲ್ಲ. ಗಣಕಯಂತ್ರದಲ್ಲಿ ರೂಪು ಪಡೆದು, ಮನೆಯ ಮೂಲೆಯಲ್ಲಿರುವ ಮೂರು ಆಯಾಮದ ಮುದ್ರಣಯಂತ್ರದಲ್ಲಿ ಒಡಮೂಡಿದವರು.

ಈ ಹವ್ಯಾಸದ ಬಗ್ಗೆ ತಂದೆತಾಯಿಗಳಲ್ಲಿ ಎರಡು ಬಗೆಯ ಅಭಿಪ್ರಾಯ ಕೇಳಿಬರುತ್ತದೆ. ಮಕ್ಕಳ ಕೈಗೆ ಯುದ್ಧದ ಬೊಂಬೆ ಕೊಡಬಾರದು, ಅದು ಹಿಂಸೆಯ ಪಾಠವೆಂಬುದು ಒಂದು. ಅದು ಚರಿತ್ರೆಯ ಪಾಠ, ಆಡಿಕೊಳ್ಳಲಿ ಬಿಡಿ ಎಂಬುದು ಇನ್ನೊಂದು. ಎರಡರಲ್ಲಿಯೂ ಒಂದೊಂದು ಪಾಲು ಸತ್ಯವಿದೆ. ಆದರೆ ಇವೆರಡಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆಯೊಂದಿದೆ: ಈ ಬೊಂಬೆ ಯಾರ ಬೊಂಬೆ? ಆ ಉದ್ದ ಕಾವನ್ನು ಹಿಡಿದು ನಿಂತ ಮನುಷ್ಯ ಯಾರು? ಈ ಪ್ರಶ್ನೆಯನ್ನು ಕೇಳುವ ಮನೆಯಲ್ಲಿ ಆಟ ಪಾಠವಾಗುತ್ತದೆ. ಕೇಳದ ಮನೆಯಲ್ಲಿ ಅದು ಬರಿಯ ಪ್ಲಾಸ್ಟಿಕ್ಕಾಗಿಯೇ ಉಳಿಯುತ್ತದೆ. ಇಂದು ನಾವು ಹೇಳಬೇಕೆಂದಿರುವುದು ಇಷ್ಟೆ.

ಯುದ್ಧವನ್ನು ಚಿಕ್ಕದು ಮಾಡಿ ಮುಂದಿಟ್ಟುಕೊಳ್ಳುವುದು ಕನ್ನಡಿಗರಿಗೆ ಹೊಸತಲ್ಲ. ಚದುರಂಗದ ಮಣೆಯೆಂದರೆ ಆನೆ, ಕುದುರೆ, ರಥ, ಕಾಲಾಳುಗಳ ಚತುರಂಗ ಬಲವೇ ಅಲ್ಲವೆ? ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದ ಮೊದಲ ಭಾಗದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಚದುರಂಗದ ವಿವರಣೆಯಿದೆ. ಮುಮ್ಮಡಿ ಕೃಷ್ಣರಾಜ ಒಡೆಯರಂತೂ ಮಣೆಯಾಟಗಳಲ್ಲಿ ಮಹಾ ಆಸಕ್ತರಾಗಿದ್ದವರು. ನವರಾತ್ರಿಯ ಗೊಂಬೆ ಹಬ್ಬದಲ್ಲಿ ಪಟ್ಟದ ಗೊಂಬೆಗಳ ಕೆಳಗಿನ ಮೆಟ್ಟಿಲುಗಳಲ್ಲಿ ಜಂಬೂಸವಾರಿಯ ಆನೆ, ಸವಾರರು, ಸಿಪಾಯಿಗಳು ಸಾಲಾಗಿ ನಿಲ್ಲುವುದನ್ನು ಕಂಡವರು ಈ ಸಭೆಯಲ್ಲಿ ಅನೇಕರು. ಆದರೆ ಒಂದು ಮಾತನ್ನು ಗಮನಿಸಬೇಕು. ಮಣೆಯಲ್ಲಾಗಲಿ ಮೆಟ್ಟಿಲಲ್ಲಾಗಲಿ ಕಾಲಾಳಿಗೆ ದೊರೆಯುವುದು ಅತ್ಯಂತ ಸಣ್ಣ ಸ್ಥಾನ. ಮೊದಲು ಬೀಳುವವನು ಅವನೆ, ಕಣ್ಣಿಗೆ ಕೊನೆಯಲ್ಲಿ ಬೀಳುವವನೂ ಅವನೆ.

ಈ ಮಾತನ್ನು ಆಡಲು ನೈಮೆಗನ್ ನಗರಕ್ಕಿಂತ ತಕ್ಕ ಸ್ಥಳ ಸಿಕ್ಕಲಾರದು. ಹಸ್ತಪ್ರತಿಗಳಲ್ಲಿನ ಸೂಕ್ಷ್ಮ ಚಿತ್ರಗಳಿಗೆ ಯೂರೋಪಿನಲ್ಲಿ ಮಿನಿಯೇಚರ್ ಎಂಬ ಹೆಸರಿದೆ. ಇಂದು ಆ ಪದಕ್ಕೆ 'ಕಿರಿದು' ಎಂಬ ಅರ್ಥ ಬಂದಿದ್ದರೂ ಅದರ ಮೂಲ ಬೇರೆ. ಹಸ್ತಪ್ರತಿಯ ಅಕ್ಷರಗಳನ್ನು ಕೆಂಪಾಗಿ ಬರೆಯಲು ಬಳಸುತ್ತಿದ್ದ ಬಣ್ಣಕ್ಕೆ ಲ್ಯಾಟಿನ್ ಭಾಷೆಯಲ್ಲಿ ಮಿನಿಯಂ ಎಂದು ಹೆಸರು. ಮಿನಿಯೇಚರ್ ಎಂಬುದು ಅಲ್ಲಿಂದ ಬಂದದ್ದು. ಆ ಕಲೆಯ ಶಿಖರವನ್ನೇರಿದ ಲಿಂಬರ್ಗ್ ಸಹೋದರರಾದ ಹೆರ್ಮಾನ್, ಪೌಲ್, ಯೋಹಾನ್ ಹುಟ್ಟಿದ್ದು ಇದೇ ನೈಮೆಗನ್ನಿನಲ್ಲಿ. ಫ್ರಾನ್ಸಿನ ಬೆರಿ ಪ್ರಾಂತದ ಡ್ಯೂಕನಿಗಾಗಿ ಪ್ರಾರ್ಥನಾ ಗ್ರಂಥವೊಂದನ್ನು ಚಿತ್ರಿಸುತ್ತಿದ್ದಾಗ, 1416ರಲ್ಲಿ, ಮೂವರೂ ತೀರಿಕೊಂಡರು. 2005ರಲ್ಲಿ ಈ ಊರಿನ ವಾಲ್ಕಾಫ್ ವಸ್ತುಸಂಗ್ರಹಾಲಯ ಅವರ ಕೃತಿಗಳ ದೊಡ್ಡ ಪ್ರದರ್ಶನವನ್ನು ಏರ್ಪಡಿಸಿತ್ತು. ಆ ಪ್ರಾರ್ಥನಾ ಗ್ರಂಥದ ಜೂನ್ ತಿಂಗಳ ಪುಟದಲ್ಲಿ ಪ್ಯಾರಿಸಿನ ಅರಮನೆಯೆದುರಿನ ಹುಲ್ಲುಗಾವಲಿದೆ. ಅಲ್ಲಿ ಬರಿಗಾಲಿನ ರೈತರು ಉದ್ದ ಕಾವಿನ ಕುಡುಗೋಲುಗಳನ್ನು ಬೀಸಿ ಹುಲ್ಲು ಕೊಯ್ಯುತ್ತಿದ್ದಾರೆ, ಹೆಂಗಸರು ಅದನ್ನು ರಾಶಿ ಮಾಡುತ್ತಿದ್ದಾರೆ.

ನಮ್ಮ ಕಾಲಾಳುವಿನ ಜನ್ಮವೃತ್ತಾಂತ ಆ ಹುಲ್ಲುಗಾವಲಿನಲ್ಲಿದೆ. ಕುಡುಗೋಲಿನ ಅಲಗನ್ನು ನೆಟ್ಟಗೆ ಮಾಡಿ ಕಾವಿಗೆ ಬಿಗಿದರೆ ಅದು ಆಯುಧ. ಬೇಲಿ ಸವರುವ ಮಚ್ಚನ್ನು ಉದ್ದ ಗಳುವಿಗೆ ಕಟ್ಟಿದರೆ ಅದು ಇನ್ನೊಂದು ಆಯುಧ. ಕಾಳು ಬಡಿಯುವ ಕೋಲಿಗೆ ಮೊಳೆ ಹೊಡೆದರೆ ಮತ್ತೊಂದು. ಫ್ಲಾಂಡರ್ಸಿನ ಕುಶಲಕರ್ಮಿಗಳು ದಪ್ಪ ದೊಣ್ಣೆಯ ತುದಿಗೆ ಕಬ್ಬಿಣದ ಬಳೆಯನ್ನೂ ಮೊನೆಯನ್ನೂ ಬಿಗಿದು, 1302ರ ಜುಲೈ 11ರಂದು ಕೋರ್ಟ್ರೈಕ್ ಊರಿನ ಬಳಿ ಫ್ರಾನ್ಸಿನ ಅಶ್ವಾರೋಹಿ ಶ್ರೀಮಂತರನ್ನು ಸೋಲಿಸಿದರು. ಸತ್ತ ಸವಾರರಿಂದ ಕಳಚಿದ ಬಂಗಾರದ ಹಿಮ್ಮಡಿಮುಳ್ಳುಗಳಿಂದಾಗಿ ಆ ಕದನಕ್ಕೆ ಬಂಗಾರದ ಮುಳ್ಳುಗಳ ಕದನವೆಂದೇ ಹೆಸರಾಯಿತು. ಆ ದೊಣ್ಣೆಯ ಹೆಸರು ಖೂಡೆನ್‌ಡಾಖ್. ಹೌದು, ನಾವು ಈ ನಾಡಿನಲ್ಲಿ ನೆರೆಯವರನ್ನು ಕಂಡಾಗ ಆಡುವ 'ಶುಭದಿನ'ವೆಂಬ ಮಾತೇ! ಶತ್ರುವಿಗೆ ಹೇಳುವ ನಮಸ್ಕಾರವೆಂಬ ವ್ಯಂಗ್ಯವನ್ನು ಹಳೆಯ ಇತಿಹಾಸಕಾರರು ಅದರಲ್ಲಿ ಕಂಡಿದ್ದರು.

ದುಡಿಮೆಯ ಉಪಕರಣವೇ ಆಯುಧವಾಗುವ ಈ ಕಥೆಯನ್ನು ಕನ್ನಡಿಗರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೈದರಾಲಿಯ ಸೈನಿಕರು ಚಿತ್ರದುರ್ಗದ ಕಿಂಡಿಯಲ್ಲಿ ನುಸುಳಿದಾಗ ಓಬವ್ವನ ಕೈಗೆ ಬಂದದ್ದು ಕತ್ತಿಯಲ್ಲ, ಅಡಿಗೆಮನೆಯ ಒನಕೆ. ಒನಕೆಯೆಂದರೂ ಉದ್ದ ಕಾವು ತಾನೆ? ಅದನ್ನು ಎತ್ತಿ ಹಾಕುವ ವರಸೆ ದಿನವೂ ಭತ್ತ ಕುಟ್ಟಿದ ತೋಳಿಗೆ ಕರಗತವಾಗಿತ್ತು. ಹುಲ್ಲು ಕೊಯ್ಯುವವನ ತೋಳಿಗೂ ಹಾಗೆಯೇ.

ಇಂತಹ ಆಯುಧದ ಬಲ ಎಲ್ಲಿದೆ? ಕಾವು ಉದ್ದವಾದಷ್ಟೂ ತುದಿಯ ವೇಗ ಹೆಚ್ಚು; ಆ ವೇಗವೆಲ್ಲ ಅಂಗುಲದಗಲದ ಉಕ್ಕಿನ ಅಂಚಿನಲ್ಲಿ ಒಟ್ಟುಗೂಡುತ್ತದೆ. ಹದಿನೈದನೆಯ ಶತಮಾನದ ಉಕ್ಕಿನ ಕವಚ ಕತ್ತಿಯ ಏಟಿಗೆ ಜಗ್ಗುತ್ತಿರಲಿಲ್ಲ, ಆದರೆ ಹಾಲ್ಬರ್ಡಿನ ಹೊಡೆತವನ್ನು ತಾಳಿಕೊಳ್ಳುವುದು ಅದಕ್ಕೂ ಕಷ್ಟವಾಗಿತ್ತು. ಹಾಲ್ಬರ್ಡ್ ಎಂಬುದು ಸುಮಾರು ಎರಡು ಮೀಟರ್ ಕಾವಿನ ಮೇಲೆ ಕೊಡಲಿ, ಈಟಿ, ಕೊಕ್ಕೆ ಮೂರನ್ನೂ ಒಟ್ಟಿಗೆ ಪಡೆದ ಆಯುಧ. ಕಡಿಯಲು ಕೊಡಲಿ, ತಿವಿಯಲು ಈಟಿ, ಸವಾರನನ್ನು ಕುದುರೆಯಿಂದ ಕೆಳಗೆಳೆಯಲು ಕೊಕ್ಕೆ. ಪೈಕ್ ಎಂಬುದು ಐದು ಮೀಟರಿಗೂ ಮಿಕ್ಕಿದ ಈಟಿ. ಒಬ್ಬನ ಕೈಯಲ್ಲಿ ಅದು ಹೊರೆ. ಪಕ್ಕಕ್ಕೆ ಸರಿದು ಬಂದ ವೈರಿಯೆದುರು ನಿರುಪಯೋಗಿ. ಆದರೆ ನೂರಾರು ಜನ ಹೆಗಲಿಗೆ ಹೆಗಲು ಕೊಟ್ಟು ನಿಂತರೆ ಅದು ಮುಳ್ಳುಹಂದಿಯ ಮೈ. ಯಾವ ಕುದುರೆಯೂ ಅದರೊಳಕ್ಕೆ ನುಗ್ಗುವುದಿಲ್ಲ. ಕತ್ತಿ ಒಬ್ಬನ ಆಯುಧ, ಪೈಕ್ ಒಂದು ಸಮುದಾಯದ ಆಯುಧ. ಪಕ್ಕದವನು ಓಡಲಾರನೆಂಬ ನಂಬಿಕೆಯಿಲ್ಲದೆ ಅದನ್ನು ಹಿಡಿಯಲು ಬರುವುದಿಲ್ಲ. ಕೊಡಲಿ ಕಾವು ಕುಲಕ್ಕೆ ಸಾವು ಎಂಬ ಗಾದೆ ನಮ್ಮಲ್ಲಿದೆ. ಇಲ್ಲಿ ಆ ಕಾವು ಸಾವಾದದ್ದು ಕವಚ ತೊಟ್ಟ ಕುದುರೆ ಸವಾರರ ಹಳೆಯ ಕುಲಕ್ಕೆ.

ಈ ಬದಲಾವಣೆಯ ಒಂದು ಮುಖ್ಯ ಅಧ್ಯಾಯ ನಡೆದದ್ದು ನೈಮೆಗನ್ನಿನ ಗೋಡೆಗಳ ಬುಡದಲ್ಲಿ. 1473ರ ಜುಲೈ ತಿಂಗಳಲ್ಲಿ 'ಧೀರ'ನೆಂಬ ಬಿರುದಿನ ಬರ್ಗಂಡಿಯ ಡ್ಯೂಕ್ ಚಾರ್ಲ್ಸ್ ಈ ನಗರಕ್ಕೆ ಮುತ್ತಿಗೆ ಹಾಕಿ ವಶಪಡಿಸಿಕೊಂಡನು. ಗೆಲ್ಡರ್ ಸಂಸ್ಥಾನದ ಉತ್ತರಾಧಿಕಾರಿಗಳಾದ ಅವಳಿ ಮಕ್ಕಳು ಕಾರೆಲ್ ಮತ್ತು ಫಿಲಿಪ್ಪಾ ಅವನ ವಶವಾದರು. ಇಬ್ಬರಿಗೂ ಆಗ ಆರು ವರ್ಷವೂ ತುಂಬಿರಲಿಲ್ಲ. ಅದೇ ವರ್ಷ ಚಾರ್ಲ್ಸ್ ಟ್ರಿಯರ್ ನಗರದಲ್ಲಿದ್ದಾಗ ತನ್ನ ಸೈನ್ಯಕ್ಕೆ ಹೊಸ ಶಾಸನವೊಂದನ್ನು ಹೊರಡಿಸಿದನು. ಪೈಕ್ ಹಿಡಿದವರು ಮುಂದೆ ಸಾಗಿ, ಮಂಡಿಯೂರಿ, ಮೊನೆಯನ್ನು ಕುದುರೆಯ ಬೆನ್ನಿನೆತ್ತರಕ್ಕೆ ಹಿಡಿಯಬೇಕು; ಹಿಂದಿರುವ ಬಿಲ್ಲಾಳುಗಳು ಅವರ ತಲೆಯ ಮೇಲಿಂದ, ಗೋಡೆಯ ಮೇಲಿಂದ ಎಂಬಂತೆ, ಬಾಣ ಬಿಡಬೇಕು. ಇದರ ತಾಲೀಮನ್ನು ತಪ್ಪದೆ ಮಾಡಬೇಕು. ಹುಟ್ಟಿನಿಂದ ಗರ್ವಿಯಾಗಿದ್ದ ಒಬ್ಬ ದೊರೆ ಕಾಲಾಳುವಿನ ಬೆಲೆಯನ್ನು ಅರಿತು ಬರೆಸಿದ ಪತ್ರವಿದು.

ಆದರೆ ಆ ಅರಿವು ಅವನನ್ನು ಉಳಿಸಲಿಲ್ಲ. 1476ರ ಮಾರ್ಚಿಯಲ್ಲಿ ಗ್ರಾಂಸೋನ್‌ನಲ್ಲಿಯೂ ಜೂನ್‌ನಲ್ಲಿ ಮುರ್ಟನ್‌ನಲ್ಲಿಯೂ ಸ್ವಿಸ್ ಕಾಲಾಳುಗಳು ಅವನನ್ನು ಸೋಲಿಸಿದರು. ಹೊರಗೆ ಪೈಕುಗಳ ಬೇಲಿ, ಒಳಗೆ ಹಾಲ್ಬರ್ಡುಗಳ ತೋಪು ಎಂಬುದು ಅವರ ವ್ಯೂಹ. 1477ರ ಜನವರಿ 5ರಂದು ನಾನ್ಸಿ ನಗರದ ಹೊರಗೆ, ಲೊರೇನಿನ ಡ್ಯೂಕ್ ಎರಡನೆಯ ರೆನೆ ಮತ್ತು ಅವನ ಸ್ವಿಸ್ ಸೈನಿಕರೆದುರು ಚಾರ್ಲ್ಸ್ ಮಡಿದನು. ಹಿಮ ಕವಿದ ಬಯಲಿನಲ್ಲಿ ಶವ ದೊರೆತದ್ದು ಎರಡು ದಿನಗಳ ಬಳಿಕ. ತಲೆಬುರುಡೆಯನ್ನು ಹಾಲ್ಬರ್ಡ್ ಸೀಳಿತ್ತು; ಮುಖವನ್ನು ಪ್ರಾಣಿಗಳು ಕಚ್ಚಿ ಕೆಡಿಸಿದ್ದವು. ಗುರುತು ಹಿಡಿದವರಲ್ಲಿ ಒಬ್ಬನು ಅವನ ವೈದ್ಯ. ಹಳೆಯ ಗಾಯದ ಕಲೆಗಳು, ಬಿದ್ದುಹೋಗಿದ್ದ ಹಲ್ಲುಗಳು, ಉದ್ದವಾಗಿ ಬೆಳೆಸಿದ್ದ ಉಗುರುಗಳು, ಇಷ್ಟರಿಂದ ಇವನೇ ದೊರೆಯೆಂದು ನಿಶ್ಚಯಿಸಲಾಯಿತು. ಯಾರ ಹಾಲ್ಬರ್ಡ್ ಆ ಏಟನ್ನು ಕೊಟ್ಟಿತೋ ಚರಿತ್ರೆಗೆ ತಿಳಿಯದು. ಡ್ಯೂಕನ ಉಗುರುಗಳ ಉದ್ದ ದಾಖಲಾಗಿದೆ, ಕಾಲಾಳುವಿನ ಹೆಸರು ದಾಖಲಾಗಿಲ್ಲ.

ಅವಳಿ ಮಕ್ಕಳ ಕಥೆಯನ್ನು ಇಲ್ಲಿಯೇ ಮುಗಿಸುವುದು ಲೇಸು. ಕಾರೆಲ್ 1492ರಲ್ಲಿ ಗೆಲ್ಡರಿಗೆ ಮರಳಿ, 1538ರವರೆಗೆ ಡ್ಯೂಕನಾಗಿ ಆಳಿದನು. ಫಿಲಿಪ್ಪಾ 1485ರಲ್ಲಿ ವರಿಸಿದ್ದು ಯಾರನ್ನು? ನಾನ್ಸಿಯಲ್ಲಿ ಚಾರ್ಲ್ಸನ ಅಂತ್ಯ ಕಂಡ ಅದೇ ಲೊರೇನಿನ ರೆನೆಯನ್ನು. ಮಕ್ಕಳಿಗೆ ಹೇಳಲು ಇದಕ್ಕಿಂತ ಒಳ್ಳೆಯ ಕಥೆ ಬೇಕೆ?

ಡ್ಯೂಕನ ಶವವನ್ನು ವೈದ್ಯನು ಓದಿದಂತೆ ಹೆಸರಿಲ್ಲದ ಕಾಲಾಳುಗಳ ಮೂಳೆಗಳನ್ನೂ ನಮ್ಮ ಕಾಲದ ತಜ್ಞರು ಓದಿದ್ದಾರೆ. 1461ರ ಮಾರ್ಚಿಯಲ್ಲಿ ಇಂಗ್ಲೆಂಡಿನ ಟೌಟನ್ ಎಂಬಲ್ಲಿ ನಡೆದ ಕದನದಲ್ಲಿ ಸತ್ತ ಸುಮಾರು 40 ಜನರ ಸಮಾಧಿಯೊಂದು 1996ರಲ್ಲಿ ಕಟ್ಟಡದ ಕೆಲಸದ ವೇಳೆ ಹೊರಬಿದ್ದಿತು. ಗಾಯಗಳಲ್ಲಿ ಬಹುಪಾಲು ತಲೆಗೆ ಬಿದ್ದವು. ಒಬ್ಬೊಬ್ಬನಿಗೆ ಒಂದಲ್ಲ, ಹಲವು. ಅವರಲ್ಲೊಬ್ಬನು ಐವತ್ತರ ಆಸುಪಾಸಿನವನು. ಅವನ ದವಡೆಯಲ್ಲಿ ಹಳೆಯದೊಂದು ಆಳವಾದ ಕಡಿತವಿತ್ತು, ಅದು ಚೆನ್ನಾಗಿ ಮಾಗಿತ್ತು. ಈ ವಿವರ ವೈದ್ಯರಾದ ನಮ್ಮನ್ನು ತಡೆದು ನಿಲ್ಲಿಸುತ್ತದೆ. ಅಂತಹ ಗಾಯ ತಾನಾಗಿ ಮಾಗುವುದಿಲ್ಲ. ಯಾರೋ ಅದನ್ನು ತೊಳೆದಿರಬೇಕು, ಬಿಗಿದಿರಬೇಕು, ಅಗಿಯಲಾಗದ ಬಾಯಿಗೆ ವಾರಗಟ್ಟಲೆ ಗಂಜಿಯಂಥದನ್ನು ಹನಿಸಿರಬೇಕು. ಹಾಗೆ ಬದುಕಿಸಿದ ಜೀವ ಮತ್ತೆ ಸಾಲಿನಲ್ಲಿ ನಿಂತಿತು. ಮೇಜಿನ ಮೇಲಿನ ಬೊಂಬೆಯಲ್ಲಿ ಎಲ್ಲವೂ ಇದೆ, ಈ ದವಡೆಯೊಂದಿಲ್ಲ.

ಈಗ ಆ ಬೊಂಬೆಯ ತಯಾರಿಕೆಯ ಕಡೆಗೆ ಬರೋಣ. ಆಟಗಾರರು ಬಳಸುವ ರೂಢಿಯ ಅಳತೆಯಲ್ಲಿ ಬೊಂಬೆಯ ಕಣ್ಣಿನ ಮಟ್ಟ 28 ಮಿಲಿಮೀಟರ್; ಎಂದರೆ ನಿಜ ಮನುಷ್ಯನ ಸುಮಾರು 56ನೆಯ ಒಂದು ಭಾಗ. ತೊಟ್ಟಿಯಲ್ಲಿರುವ ದ್ರವರೂಪದ ರಾಳದ ಮೇಲೆ ನೇರಳಾತೀತದ ಅಂಚಿನ ಬೆಳಕು ಬಿದ್ದಲ್ಲಿ ಅದು ಗಟ್ಟಿಯಾಗುತ್ತದೆ. ಪದರವೊಂದಕ್ಕೆ 0.05 ಮಿಲಿಮೀಟರಿನಂತೆ, ಮೂರು ಸೆಂಟಿಮೀಟರಿನ ಬೊಂಬೆಗೆ 600 ಪದರ ಬೇಕು. ಒಂದು ಬೊಂಬೆಗೂ ತಟ್ಟೆ ತುಂಬ ಹತ್ತು ಬೊಂಬೆಗಳಿಗೂ ಹಿಡಿಯುವ ಕಾಲ ಒಂದೆ. ಬೆಳಕಿನಿಂದ ರಾಳವನ್ನು ಪದರಗಟ್ಟಿಸುವ ಈ ವಿದ್ಯೆಗೆ ಅಮೆರಿಕದ ಚಾರ್ಲ್ಸ್ ಹಲ್ 1986ರಲ್ಲಿ ಹಕ್ಕುಪತ್ರ ಪಡೆದರು. ಪ್ಲಾಸ್ಟಿಕ್ ಎಳೆಯನ್ನು ಕರಗಿಸಿ ಪೇರಿಸುವ ಇನ್ನೊಂದು ಬಗೆಯ ಯಂತ್ರವನ್ನು ಮನೆಮನೆಗೆ ತಂದವರಲ್ಲಿ, 2011ರಲ್ಲಿ ಆರಂಭವಾದ ಈ ದೇಶದ್ದೇ ಅಲ್ಟಿಮೇಕರ್ ಸಂಸ್ಥೆಯೂ ಒಂದು.

ಉದ್ದ ಕಾವು ಇಲ್ಲಿಯೂ ತೊಡಕಿನ ವಸ್ತುವೆ. ಲೆಕ್ಕ ಹಾಕಿ ನೋಡಿ: ಐದು ಮೀಟರಿನ ಪೈಕ್ ಒಂಬತ್ತು ಸೆಂಟಿಮೀಟರಾಗುತ್ತದೆ, ಮೂರೂವರೆ ಸೆಂಟಿಮೀಟರ್ ದಪ್ಪದ ಅದರ ಕಾವು ಬರಿಯ 0.6 ಮಿಲಿಮೀಟರಾಗುತ್ತದೆ. ಅಷ್ಟು ತೆಳುವಾದ ರಾಳದ ಕಡ್ಡಿ ಬಾಗುತ್ತದೆ, ಬೆರಳು ತಾಗಿದರೆ ಮುರಿಯುತ್ತದೆ. ಆದುದರಿಂದ ರೂಪ ರಚಿಸುವವರು ಕಾವನ್ನು ಒಂದು ಮಿಲಿಮೀಟರಿಗೆ ಉಬ್ಬಿಸುತ್ತಾರೆ. ಇಲ್ಲವೆ ಬೊಂಬೆಯ ಮುಷ್ಟಿಯನ್ನು ಟೊಳ್ಳಾಗಿ ಬಿಟ್ಟು ಹಿತ್ತಾಳೆಯ ತಂತಿಯನ್ನು ತೂರಿಸುತ್ತಾರೆ. ಒಬ್ಬನಾಗಿ ನಿಂತ ಪೈಕ್ ದುರ್ಬಲವೆಂಬ ಮಾತು ಮೇಜಿನ ಮೇಲೂ ಸುಳ್ಳಾಗಲಿಲ್ಲ! ಹಲವು ಬೊಂಬೆಗಳನ್ನು ಒಂದೇ ಪೀಠಕ್ಕೆ ಒತ್ತಾಗಿ ಅಂಟಿಸಿದರೆ ಮುರಿಯುವುದು ಕಡಿಮೆ.

ವೈದ್ಯಕೀಯದ ಮಾತಿಲ್ಲವೆಂದು ಮೊದಲಿಗೆ ಹೇಳಿದೆವಾದರೂ, ಒಂದು ಎಚ್ಚರಿಕೆಯನ್ನು ಹೇಳದೆ ಮುಂದುವರಿಯಲಾರೆವು. ಗಟ್ಟಿಯಾಗದ ರಾಳದಲ್ಲಿರುವ ಅಕ್ರಿಲೇಟ್‌ಗಳು ಚರ್ಮಕ್ಕೆ ಹಗೆ. ಮತ್ತೆ ಮತ್ತೆ ತಾಗಿದರೆ ಅಲರ್ಜಿ ಹುಟ್ಟಬಹುದು. ಒಮ್ಮೆ ಹುಟ್ಟಿದ ಅಲರ್ಜಿ ಸಾಮಾನ್ಯವಾಗಿ ಜೀವನಪರ್ಯಂತ ಉಳಿಯುತ್ತದೆ. ಮುಂದೆ ಹಲ್ಲಿನ ಚಿಕಿತ್ಸೆಯಲ್ಲಿ ಬಳಸುವ ಅದೇ ಜಾತಿಯ ವಸ್ತುಗಳಿಗೂ ತೊಂದರೆ ಕೊಡಬಹುದು. ನೈಟ್ರೈಲ್ ಕೈಗವಸು ಮತ್ತು ಕನ್ನಡಕವಿಲ್ಲದೆ ಯಾರೂ ಅದನ್ನು ಮುಟ್ಟಬಾರದು. ಯಂತ್ರವನ್ನು ಮಲಗುವ ಕೋಣೆಯಲ್ಲಾಗಲಿ ಅಡಿಗೆಮನೆಯಲ್ಲಾಗಲಿ ಇಡಬಾರದು. ಗಾಳಿಯಾಡುವ ಜಾಗ ಬೇಕು. ಉಳಿದ ರಾಳವನ್ನೂ ತೊಳೆದ ದ್ರವವನ್ನೂ ಮೋರಿಗೆ ಸುರಿಯಬಾರದು. ತೊಳೆದು ಬೆಳಕಿನಲ್ಲಿ ಪೂರ್ತಿ ಗಟ್ಟಿಯಾದ ಬೊಂಬೆಯಷ್ಟೇ ಮಕ್ಕಳ ಕೈಗೆ ಬರಬೇಕು. ಚಿಕ್ಕ ಮಕ್ಕಳಿರುವ ಮನೆಗೆ ಎಳೆಯನ್ನು ಕರಗಿಸುವ ಯಂತ್ರವೇ ವಾಸಿ.

ಇದೇ ವಿದ್ಯೆಯ ಇನ್ನೊಂದು ಮುಖವನ್ನೂ ಮಕ್ಕಳಿಗೆ ತೋರಿಸಬೇಕು. ನೈಮೆಗನ್ನಿನ ರಾಡ್‌ಬೌಡ್ ವಿಶ್ವವಿದ್ಯಾಲಯದ ವೈದ್ಯಕೀಯ ಕೇಂದ್ರದಲ್ಲಿ ಮೂರು ಆಯಾಮದ ಪ್ರಯೋಗಾಲಯವೊಂದಿದೆ. ಮುಖ ಮತ್ತು ದವಡೆಯ ಶಸ್ತ್ರಚಿಕಿತ್ಸೆಗೆ ಮುನ್ನ ಆ ರೋಗಿಯ ಮೂಳೆಯ ರೂಪವನ್ನೇ ಮುಂದಿಟ್ಟುಕೊಂಡು ಯೋಚಿಸಲು ಇಂತಹ ವಿದ್ಯೆ ನೆರವಾಗುತ್ತದೆ. ಯುಟ್ರೆಕ್ಟ್ ವಿಶ್ವವಿದ್ಯಾಲಯದ ಆಸ್ಪತ್ರೆಯಲ್ಲಿ ಯುವತಿಯೊಬ್ಬಳಿಗೆ ಮುದ್ರಿತ ತಲೆಬುರುಡೆಯನ್ನು ಜೋಡಿಸಿದ ಸುದ್ದಿ 2014ರಲ್ಲಿ ಪ್ರಕಟವಾಯಿತು. ಬುರುಡೆ ಸೀಳುವ ಹಾಲ್ಬರ್ಡಿನ ಪ್ರತಿಮೆಯನ್ನೂ ಸೀಳಿದ ಬುರುಡೆಗೆ ಬದಲಿಯನ್ನೂ ಕೊಡಬಲ್ಲ ವಿದ್ಯೆ ಒಂದೆ.

ಇನ್ನು ಆಟದ ಮಾತು. ಆಂಗ್ಲ ಲೇಖಕ ಎಚ್. ಜಿ. ವೆಲ್ಸ್ 1913ರಲ್ಲಿ ಬೊಂಬೆ ಸೈನಿಕರ ಆಟಕ್ಕೆ ನಿಯಮಗಳನ್ನು ಬರೆದು ಪುಸ್ತಕವಾಗಿ ಪ್ರಕಟಿಸಿದರು. ಆಟದ ಯುದ್ಧವನ್ನು ಆಡಿದವನಿಗೆ ನಿಜ ಯುದ್ಧ ಎಂತಹ ಅವಿವೇಕದ ಕೆಲಸವೆಂಬುದು ಹೊಳೆಯಬೇಕೆಂಬುದು ಅವರ ಆಶಯವಾಗಿತ್ತು. ಮರುವರ್ಷವೇ ಮಹಾಯುದ್ಧ ಬಂದಿತು. ಆದುದರಿಂದ ಆಟ ತಾನಾಗಿ ಶಾಂತಿಯನ್ನು ಕಲಿಸುತ್ತದೆಂದು ನಾವು ಹೇಳಲಾರೆವು. ಹಾಗೆಯೇ ಆಟ ತಾನಾಗಿ ಹಿಂಸೆಯನ್ನು ಕಲಿಸುತ್ತದೆಂದೂ ಹೇಳಲಾರೆವು. ದಾಳ ಉರುಳಿದಾಗ ಬಿದ್ದ ಬೊಂಬೆಯನ್ನು ಎತ್ತಿ ಪೆಟ್ಟಿಗೆಯಲ್ಲಿಡುತ್ತಾರೆ. ಮರುದಿನ ಅದೇ ಬೊಂಬೆ ಮತ್ತೆ ಸಾಲಿಗೆ ಬರುತ್ತದೆ. ಆಟ ಮರೆಮಾಡುವುದು ಇದನ್ನೇ. 1944ರ ಫೆಬ್ರವರಿ 22ರಂದು ಬಾಂಬು ಬಿದ್ದು ಈ ನೈಮೆಗನ್ನಿನಲ್ಲಿ ಸತ್ತ ಸುಮಾರು 800 ಜನ ಯಾವ ಪೆಟ್ಟಿಗೆಯಿಂದಲೂ ಮರಳಿ ಬರಲಿಲ್ಲ. ಆಟ ಮುಗಿದ ಮೇಲೆ ಇಷ್ಟನ್ನು ಹೇಳುವ ಹಿರಿಯರೊಬ್ಬರು ಮೇಜಿನ ಬಳಿ ಇರಬೇಕು.

ಹೇಳುವುದಕ್ಕೆ ಕನ್ನಡಿಗರ ಬಳಿ ಬೇಕಾದಷ್ಟಿದೆ, ಏಕೆಂದರೆ ಕಾಲಾಳುವಿಗೆ ಹೆಸರು ಕೊಟ್ಟ ನಾಡು ನಮ್ಮದು. ನಾವು ವೀರಗಲ್ಲುಗಳ ಮಾತು ಹೇಳುತ್ತಿದ್ದೇವೆ. ಊರ ದನಗಳನ್ನು ಕಳ್ಳರಿಂದ ಬಿಡಿಸಲು ಹೋಗಿ ಸತ್ತವನಿಗೂ ಊರಿನವರು ಕಲ್ಲು ನೆಟ್ಟರು. ಕೆಳಗಿನ ಪಟ್ಟಿಕೆಯಲ್ಲಿ ಅವನ ಹೋರಾಟ, ನಡುವೆ ಅಪ್ಸರೆಯರು ಅವನನ್ನು ಕರೆದೊಯ್ಯುವ ಚಿತ್ರ, ಮೇಲೆ ದೇವರ ಸನ್ನಿಧಿ. ಬೇಗೂರಿನ ಸುಮಾರು 900ರ ಕಾಲದ ವೀರಗಲ್ಲಿನಲ್ಲಿ ಗಂಗರ ಕಾಲದ ಕದನವೊಂದು ಆನೆ, ಕುದುರೆ, ಕಾಲಾಳುಗಳೊಡನೆ ಕಿಕ್ಕಿರಿದು ನಿಂತಿದೆ. ಅದು ಬೆಂಗಳೂರಿನ ಸರ್ಕಾರಿ ವಸ್ತುಸಂಗ್ರಹಾಲಯದ ಸೊತ್ತು. ಸುಮಾರು 950ರ ಆತಕೂರು ಶಾಸನವಂತೂ ಕಾಡುಹಂದಿಯೊಡನೆ ಹೋರಾಡಿ ಸತ್ತ ನಾಯಿಯೊಂದರ ನೆನಪಿಗೆ ನೆಟ್ಟದ್ದು. ಆ ನಾಯಿಯ ಹೆಸರು ಕಾಳಿ. ನಾನ್ಸಿಯಲ್ಲಿ ಡ್ಯೂಕನನ್ನು ಕೆಡವಿದವನ ಹೆಸರು ಯಾರಿಗೂ ತಿಳಿಯದು. ಸಾವಿರ ವರ್ಷಗಳ ಹಿಂದಿನ ಕರ್ನಾಟಕದ ನಾಯಿಯ ಹೆಸರು ನಮಗೆ ತಿಳಿದಿದೆ.

ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಿಂದೀಚೆಗೆ ಬೆಂಗಳೂರು ಪ್ರದೇಶದ ಶಾಸನಗಳನ್ನೂ ವೀರಗಲ್ಲುಗಳನ್ನೂ ಮೂರು ಆಯಾಮದಲ್ಲಿ ಸ್ಕ್ಯಾನ್ ಮಾಡಿ ಕಾಪಿಡುವ ಕಾರ್ಯವನ್ನು ಕೈಗೊಂಡಿದೆ. ಹಾಗೆ ಸ್ಕ್ಯಾನಾದ ರೂಪವೆಂದರೆ ಮುದ್ರಿಸಬಹುದಾದ ರೂಪವೆ. ಹಾಲ್ಬರ್ಡ್ ಹಿಡಿದ ಸ್ವಿಸ್ ರೈತನ ಪಕ್ಕದಲ್ಲಿ ಈಟಿ ಹಿಡಿದ ಕನ್ನಡ ನಾಡಿನ ಊರಾಳನ್ನು ನಿಲ್ಲಿಸಲು ಯಂತ್ರದ ಅಡ್ಡಿಯೇನೂ ಇಲ್ಲ. ಅಡ್ಡಿಯಿದ್ದರೆ ನಮ್ಮ ಮನಸ್ಸಿನದು.

ಕೊನೆಯಲ್ಲಿ ತಂದೆತಾಯಿಗಳಿಗೆ ನಮ್ಮ ವಿನಂತಿ ಮೂರು. ಮೊದಲನೆಯದು, ಈ ಆಟವನ್ನು ನಿಷೇಧಿಸಬೇಡಿ, ಜೊತೆಯಲ್ಲಿ ಕುಳಿತುಕೊಳ್ಳಿ. ಎರಡನೆಯದು, ಬಣ್ಣ ಹಚ್ಚುವಾಗ ಪ್ರತಿಯೊಂದು ಬೊಂಬೆಗೂ ಒಂದು ಹೆಸರನ್ನೂ ಒಂದು ಕಸುಬನ್ನೂ ಕೊಡಲು ಮಕ್ಕಳಿಗೆ ಹೇಳಿ. ಇವನು ನೇಕಾರ, ಇವನು ಹುಲ್ಲು ಕೊಯ್ಯುವವನು, ಇವನ ದವಡೆಗೆ ಹಳೆಯ ಗಾಯವಾಗಿದೆ ಎಂದು. ಮೂರನೆಯದು, ಮುಂದಿನ ನವರಾತ್ರಿಯಲ್ಲಿ ಗೊಂಬೆಯ ಮೆಟ್ಟಿಲುಗಳ ಮೇಲೆ ಈ ಕಾಲಾಳುಗಳಿಗೂ ಒಂದು ಸಾಲು ಬಿಡಿ. ಪರದೇಶದ ಮಣ್ಣಿನಲ್ಲಿ, ಒಬ್ಬೊಬ್ಬರೇ ನಿಂತರೆ ಬಾಗುವ ಕಡ್ಡಿಗಳು ನಾವು. ಹೆಗಲಿಗೆ ಹೆಗಲು ಕೊಟ್ಟು ನಿಲ್ಲುವುದರ ಬೆಲೆಯನ್ನು ಇವರಿಂದ ನಮ್ಮ ಮಕ್ಕಳೂ ಕಲಿಯಲಿ, ನಾವೂ ಕಲಿಯೋಣ.